ಗ್ರಾಫಿಕ್ಸ್ ಕಾರ್ಡ್ ನಿಜಕ್ಕೂ ಕೆಟ್ಟಿದೆಯಾ? ಮನೆಯಲ್ಲೇ ಪತ್ತೆ ಹಚ್ಚುವ ಬಗೆ

ಗೇಮ್ ಆಡುವಾಗ ಪರದೆ ದಿಢೀರ್ ಅಂತ ಕಪ್ಪಾಗುತ್ತದೆ. ಅಥವಾ ಎಲ್ಲೆಂದರಲ್ಲಿ ಬಣ್ಣದ ಚೌಕಗಳು ಮೂಡುತ್ತವೆ. ಅಥವಾ ಕಂಪ್ಯೂಟರ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ಮಾನಿಟರ್‌ನಲ್ಲಿ ಮಾತ್ರ ಏನೂ ಇಲ್ಲ. ಇಂಥ ಹೊತ್ತಿನಲ್ಲಿ ಎಲ್ಲರ ಬಾಯಿಗೂ ಮೊದಲು ಬರುವ ಮಾತು "ಗ್ರಾಫಿಕ್ಸ್ ಕಾರ್ಡ್ ಹೋಯ್ತು" ಅಂತ. ಹೋಗಿರಲೂಬಹುದು. ಆದರೆ ಹಳೇ ಕೇಬಲ್, ಕೆಟ್ಟ ಡ್ರೈವರ್ (ಕಾರ್ಡ್ ಮತ್ತು ವಿಂಡೋಸ್ ನಡುವೆ ಮಾತಾಡಿಸುವ ತಂತ್ರಾಂಶ), ಬಳಲಿದ ಪವರ್ ಸಪ್ಲೈ, ರ‍್ಯಾಮ್, ಕೊನೆಗೆ ಪ್ರೊಸೆಸರ್ ಕೂಡ ಇದೇ ಲಕ್ಷಣಗಳನ್ನು ತೋರಿಸುತ್ತವೆ. ಗೇಮ್ ಆಡುವವರ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ ಭಾಗ, ಪರದೆಯ ಚಿತ್ರ ರೂಪಿಸುವ ಈ ಗ್ರಾಫಿಕ್ಸ್ ಕಾರ್ಡೇ. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ತಪ್ಪು ಯಾರದ್ದು ಅಂತ ಖಾತ್ರಿ ಮಾಡಿಕೊಳ್ಳಬೇಕು ಅಲ್ವಾ?

ಇಲ್ಲಿ ಸುಲಭದ, ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ. ಸ್ಕ್ರೂಡ್ರೈವರ್ ಹಿಡಿಯುವುದು ಆಮೇಲೆ. ನಡುವೆ ಒಂದು ಶಿಸ್ತು ಮಾತ್ರ ತಪ್ಪಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಪರೀಕ್ಷಿಸಿ. ಕೇಬಲ್ ಬದಲಿಸಿ, ಡ್ರೈವರ್ ಹಾಕಿ, ಧೂಳನ್ನೂ ಒರೆಸಿ, ಆಮೇಲೆ ಎಲ್ಲ ಸರಿಯಾಯ್ತು ಅಂದರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತೇ ಆಗುವುದಿಲ್ಲ. ತೊಂದರೆ ವಾರ ಬಿಟ್ಟು ಮರಳಿದಾಗ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಮೊದಲು ಲಕ್ಷಣವನ್ನು ಸರಿಯಾಗಿ ನೋಡಿ

"ಕಂಪ್ಯೂಟರ್ ಹ್ಯಾಂಗ್ ಆಗುತ್ತೆ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಹೇಗೆ ನಿಂತಿತು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಗೇಮ್ ಜೋರಾಗಿ ನಡೆಯುವಾಗ ನೀಲಿ ಪರದೆಯೂ ಬಾರದೆ, ಸ್ವಿಚ್ ಆರಿಸಿದಂತೆ ಕಂಪ್ಯೂಟರ್ ಒಂದೇ ಏಟಿಗೆ ಆಫ್ ಆಗಿ ಮತ್ತೆ ಆನ್ ಆದರೆ ಮೊದಲು ಅನುಮಾನಿಸಬೇಕಾದ್ದು ಪವರ್ ಸಪ್ಲೈಯನ್ನು. ಪರದೆ ಕಪ್ಪಾಗಿದೆ, ಗೇಮಿನ ಸದ್ದು ಮಾತ್ರ ಇನ್ನೂ ಕೇಳುತ್ತಿದೆ, ಕಾರ್ಡಿನ ಫ್ಯಾನ್ ಪೂರ್ತಿ ವೇಗದಲ್ಲಿ ಕಿರುಚುತ್ತಿದೆ ಅಂದರೆ ಕಾರ್ಡ್ ಸಿಸ್ಟಮ್ ಜತೆಗಿನ ಸಂಪರ್ಕ ಕಳೆದುಕೊಂಡಿದೆ ಅಂತ ಅರ್ಥ. ಕಾರಣ ಕಾರ್ಡೇ ಇರಬಹುದು, ಅದಕ್ಕೆ ಹೋಗುವ ವಿದ್ಯುತ್ ಇರಬಹುದು, ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಸ್ಲಾಟ್ ಇರಬಹುದು. ಪರದೆ ಒಂದೆರಡು ಸೆಕೆಂಡ್ ಸ್ತಬ್ಧವಾಗಿ, ಮಿಣುಕಿ, ಮತ್ತೆ ಡೆಸ್ಕ್‌ಟಾಪ್ ಬಂದರೆ ಡ್ರೈವರ್ ಬಿದ್ದು ಎದ್ದಿದೆ. ಒಂದೇ ಒಂದು ಗೇಮಿನಲ್ಲಿ ಮಾತ್ರ ಚಿತ್ರ ಕೆಡುತ್ತದೆ, ಬೇರೆಲ್ಲ ಸರಿ ಅಂದರೆ ಆ ಗೇಮಿನದೋ ಡ್ರೈವರಿನದೋ ತಪ್ಪು ಇರುವ ಸಾಧ್ಯತೆಯೇ ಜಾಸ್ತಿ.

ಗಾಬರಿ ಬೀಳಬೇಕಿಲ್ಲದ ಎರಡು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಸುಮ್ನೆ ಬ್ರೌಸ್ ಮಾಡುವಾಗ ಕಾರ್ಡಿನ ಫ್ಯಾನ್ ತಿರುಗದೇ ಇದ್ದರೆ ಅದು ಕೆಟ್ಟಿದೆ ಅಂತಲ್ಲ. ಈಗಿನ ಬಹಳಷ್ಟು ಕಾರ್ಡ್‌ಗಳು ಸುಮಾರು 50–60 ಡಿಗ್ರಿ ಮುಟ್ಟುವ ತನಕ ಫ್ಯಾನ್ ನಿಲ್ಲಿಸಿಯೇ ಇಡುತ್ತವೆ. ಹಾಗೆಯೇ ಭಾರ ಬಿದ್ದಾಗ ಕೇಳುವ ಸಣ್ಣ ಕೀಯ್ಞ್ ಸದ್ದು ಕಾರ್ಡಿನ ಕಾಯಿಲ್‌ಗಳು ಕಂಪಿಸುವುದರಿಂದ ಬರುವಂಥದ್ದು. ಕಿವಿಗೆ ಹಿಂಸೆ, ಕಾರ್ಡಿಗೇನೂ ಅಪಾಯ ಇಲ್ಲ.

ಬಣ್ಣದ ಚೌಕ, ಗೆರೆಗಳು ಬಂದರೆ

ಕಾರ್ಡ್ ಮೇಲಿನ ಮೆಮೊರಿ ಕೆಡುವಾಗ ಪರದೆಯಲ್ಲಿ ಮೂಡುವ ವಿನ್ಯಾಸವನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಚದುರಂಗದ ಮಣೆಯ ಹಾಗೆ ಪುಟ್ಟ ಪುಟ್ಟ ಚೌಕಗಳು, ಗುಲಾಬಿಯೋ ಹಸಿರೋ ಬಣ್ಣದವು, ಸಮ ಅಂತರದಲ್ಲಿ ಮೇಲಿಂದ ಕೆಳಗೆ ಸಾಲುಗಟ್ಟಿರುತ್ತವೆ. ಮೌಸ್ ಆಡಿಸಿದರೆ ಅದರ ಹಿಂದೆಯೇ ಬಣ್ಣದ ಚುಕ್ಕೆಗಳು ಉಳಿಯುತ್ತವೆ. ಮೆಮೊರಿಯ ಒಂದು ಭಾಗ ತಪ್ಪು ಮಾಹಿತಿ ಕೊಡುತ್ತಿರುವುದರಿಂದ ಆ ತಪ್ಪು ಪರದೆಯ ಮೇಲೂ ಲೆಕ್ಕಬದ್ಧವಾಗಿ ಮರುಕಳಿಸುತ್ತದೆ. ಗೇಮಿನೊಳಗೆ ಗೋಡೆಯ ಮೂಲೆಯೊಂದು ಮುಳ್ಳಿನಂತೆ ಪರದೆಯ ಆಚೆ ತನಕ ಎಳೆದುಕೊಂಡು ಹೋಗುವುದು, ಪಾತ್ರಗಳ ಮೈಮೇಲೆಲ್ಲ ಮಿನುಗು ಚುಕ್ಕೆ ಬರುವುದು ಇನ್ನೊಂದು ಬಗೆ. ಇದು ಮೆಮೊರಿಯಿಂದಲೂ ಆಗಬಹುದು, ಕೋರ್ (ಕಾರ್ಡಿನ ಮುಖ್ಯ ಚಿಪ್) ಬಿಸಿಯಾಗಿ ಅಥವಾ ಓವರ್‌ಕ್ಲಾಕ್ (ಮೂಲ ವೇಗಕ್ಕಿಂತ ಹೆಚ್ಚು ಓಡಿಸುವುದು) ಜಾಸ್ತಿಯಾಗಿಯೂ ಆಗಬಹುದು.

ಇಂಥದ್ದು ಕಂಡಾಗ ಎರಡು ಪರೀಕ್ಷೆ ಮಾಡಿ. ಎರಡಕ್ಕೂ ದುಡ್ಡು ಬೇಡ, ಹೆಚ್ಚು ಹೊತ್ತೂ ಬೇಡ. ಇಡೀ ಲೇಖನದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇವೇ.

ಮೊದಲನೆಯದು ಸ್ಕ್ರೀನ್‌ಶಾಟ್. ಚೌಕಗಳು ಕಾಣುತ್ತಿರುವಾಗಲೇ ಪ್ರಿಂಟ್ ಸ್ಕ್ರೀನ್ ಒತ್ತಿ ಚಿತ್ರ ಉಳಿಸಿ. ಅದನ್ನು ಅದೇ ಮಾನಿಟರ್‌ನಲ್ಲಿ ನೋಡಬೇಡಿ, ಮೊಬೈಲಿಗೆ ಕಳಿಸಿ ಅಲ್ಲಿ ತೆರೆಯಿರಿ. ಚೌಕಗಳು ಮೊಬೈಲಿನಲ್ಲೂ ಕಂಡರೆ ಅವು ಕಂಪ್ಯೂಟರ್ ಒಳಗೇ ಹುಟ್ಟಿವೆ. ಮಾನಿಟರ್, ಕೇಬಲ್ ಎರಡೂ ನಿರಪರಾಧಿಗಳು. ಮೊಬೈಲಿನಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಕಾರ್ಡಿನಿಂದ ಹೊರಟ ಮೇಲೆ ಕೆಟ್ಟಿದೆ ಅಂತ. ಆಗ ಮೊದಲು ಕೇಬಲ್, ಆಮೇಲೆ ಮಾನಿಟರ್, ಅಪರೂಪಕ್ಕೆ ಕಾರ್ಡಿನ ಹಿಂದಿನ ಪೋರ್ಟ್ ಅನ್ನು ಅನುಮಾನಿಸಿ.

ಎರಡನೆಯದು ಬಯೋಸ್, ಅಂದರೆ ವಿಂಡೋಸ್ ಬರುವ ಮೊದಲೇ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯೋಸ್‌ಗೆ ಹೋಗಿ. ಅಲ್ಲಿ ವಿಂಡೋಸ್ ಇಲ್ಲ, ಅದರ ಡ್ರೈವರೂ ಇಲ್ಲ. ಅಲ್ಲೂ ಗೆರೆ, ಚೌಕ, ಕಲಸಿದ ಅಕ್ಷರಗಳು ಕಂಡರೆ ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ. ಕೇಬಲ್ ಮತ್ತು ಮಾನಿಟರ್ ಬದಲಿಸಿ ನೋಡಿದ ಮೇಲೂ ಹಾಗೇ ಇದ್ದರೆ ಕಾರ್ಡಿನ ಹಾರ್ಡ್‌ವೇರ್ ಕೆಟ್ಟಿದೆ ಅಂತ ಹೆಚ್ಚು ಕಡಿಮೆ ತೀರ್ಮಾನಿಸಬಹುದು. ಬಯೋಸ್‌ನಲ್ಲಿ ಎಲ್ಲ ಸರಿ, ವಿಂಡೋಸ್ ಬಂದ ಮೇಲೆ ಮಾತ್ರ ಕೆಡುತ್ತದೆ ಅಂದರೆ ಇನ್ನೂ ಹುಡುಕುವುದು ಬಾಕಿ ಇದೆ.

ಕೇಬಲ್ ಮತ್ತು ಮಾನಿಟರ್

ಪರದೆ ಆಗಾಗ ಒಂದೆರಡು ಸೆಕೆಂಡ್ ಕಪ್ಪಾಗಿ ತಾನೇ ಬರುವುದು, ಅಲ್ಲಲ್ಲಿ ಬಿಳಿ ಚುಕ್ಕೆ ಮಿಂಚುವುದು, "ಸಿಗ್ನಲ್ ಇಲ್ಲ" ಅನ್ನುವುದು ಇವೆಲ್ಲ ಕಳಪೆ ಡಿಸ್‌ಪ್ಲೇಪೋರ್ಟ್ ಅಥವಾ ಎಚ್‌ಡಿಎಂಐ ಕೇಬಲ್ ಮಾಡುವ ಕಿತಾಪತಿ. ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು) ಹೆಚ್ಚಿದ್ದಷ್ಟೂ ಕೇಬಲ್ ಮೇಲೆ ಭಾರ ಹೆಚ್ಚು. ಹಾಗಾಗಿ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅದನ್ನು 144ರಿಂದ 60 ಹರ್ಟ್ಜ್‌ಗೆ ಇಳಿಸಿ ಒಂದು ದಿನ ಬಳಸಿ. ತೊಂದರೆ ಮಾಯವಾದರೆ ಕಾರ್ಡಿನ ಚಿಂತೆ ಬಿಡಿ, ಬೇರೆ ಕೇಬಲ್ ಹಾಕಿ. ಕಾರ್ಡಿನ ಬೇರೆ ಪೋರ್ಟಿಗೂ ಚುಚ್ಚಿ ನೋಡಿ. ಮನೆಯಲ್ಲಿ ಟಿವಿ ಇದ್ದರೆ ಎರಡನೇ ಮಾನಿಟರ್ ಆಗಿ ಅದೇ ಸಾಕು.

ಡ್ರೈವರ್: ಬುಡದಿಂದ ತೆಗೆದು ಮತ್ತೆ ಹಾಕಿ

ಪರದೆ ಸ್ತಬ್ಧವಾದಾಗ ಒಮ್ಮೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೀಗಳನ್ನು ಒಟ್ಟಿಗೆ ಒತ್ತಿ ನೋಡಿ. ಇದು ಗ್ರಾಫಿಕ್ಸ್ ಡ್ರೈವರನ್ನು ಹೊಸದಾಗಿ ಶುರು ಮಾಡುತ್ತದೆ. ಬೀಪ್ ಸದ್ದು ಬಂದು ಚಿತ್ರ ಮರಳಿದರೆ ಕಂಪ್ಯೂಟರ್ ಜೀವಂತವಾಗಿದೆ, ಡ್ರೈವರ್ ಮಾತ್ರ ಸಿಕ್ಕಿಹಾಕಿಕೊಂಡಿತ್ತು ಅಂತ ಗೊತ್ತಾಗುತ್ತದೆ.

ಹಳೇ ಡ್ರೈವರ್ ಮೇಲೆ ಹೊಸದನ್ನು ಹಾಕುತ್ತಾ ಹೋದರೆ ಕಸ ಉಳಿಯುತ್ತದೆ. ಅದಕ್ಕೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಅನ್ನುವ ಉಚಿತ ತಂತ್ರಾಂಶ ಇದೆ, ಚಿಕ್ಕದಾಗಿ ಡಿಡಿಯು ಅನ್ನುತ್ತಾರೆ. ಹೊಸ ಡ್ರೈವರನ್ನು ಎನ್‌ವಿಡಿಯಾ, ಎಎಂಡಿ ಅಥವಾ ಇಂಟೆಲ್‌ನ ಅಧಿಕೃತ ತಾಣದಿಂದ ಮೊದಲೇ ಇಳಿಸಿಟ್ಟುಕೊಳ್ಳಿ. ಆಮೇಲೆ ಇಂಟರ್‌ನೆಟ್ ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಇಲ್ಲವಾದರೆ ನಡುವೆಯೇ ವಿಂಡೋಸ್ ತನಗೆ ಸಿಕ್ಕ ಡ್ರೈವರನ್ನು ತಂದು ಹಾಕಿಬಿಡುತ್ತದೆ. ಸೇಫ್ ಮೋಡ್‌ಗೆ (ಅತ್ಯಗತ್ಯದ್ದು ಮಾತ್ರ ಓಡುವ ವಿಂಡೋಸ್ ಸ್ಥಿತಿ) ಹೋಗಿ ಡಿಡಿಯು ಓಡಿಸಿ, ಮರಳಿ ಬಂದು ಹೊಸ ಡ್ರೈವರ್ ಹಾಕಿ. ತೊಂದರೆ ಶುರುವಾಗಿದ್ದೇ ಇತ್ತೀಚಿನ ಅಪ್‌ಡೇಟ್ ಆದ ಮೇಲೆ ಅಂತಾದರೆ ಹೊಸದನ್ನು ಬಿಟ್ಟು, ಆಗ ಸರಿಯಾಗಿ ನಡೆಯುತ್ತಿದ್ದ ಹಳೇ ಆವೃತ್ತಿಯನ್ನೇ ಹಾಕಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರಿನ ಮೇಲೆ ಹಳದಿ ಗುರುತು, ಒಳಗೆ "ಕೋಡ್ 43" ಅಂತ ಇದ್ದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಅಂತ ಅರ್ಥ. ಡ್ರೈವರ್ ಶುದ್ಧವಾಗಿ ಹಾಕಿದ ಮೇಲೂ 43 ಹೋಗದಿದ್ದರೆ ಅದು ಒಳ್ಳೆಯ ಸೂಚನೆ ಅಲ್ಲ.

ಡ್ರೈವರ್ ಅನುಮಾನವನ್ನು ಪೂರ್ತಿ ಕಳೆದುಕೊಳ್ಳಲು ಇನ್ನೊಂದು ದಾರಿ ಇದೆ. ಪೆನ್‌ಡ್ರೈವ್‌ಗೆ ಉಬುಂಟುವಿನಂಥ ಲಿನಕ್ಸ್ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ನಿಮ್ಮ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಅಲ್ಲೂ ಅದೇ ಚೌಕಗಳು ಬಂದರೆ ಎರಡು ಬೇರೆ ಬೇರೆ ವ್ಯವಸ್ಥೆಗಳ ಡ್ರೈವರ್‌ಗಳು ಒಂದೇ ತಪ್ಪು ಮಾಡುವುದು ಕಷ್ಟ. ಹಾರ್ಡ್‌ವೇರ್ ಕಡೆಗೇ ನೋಡಬೇಕು.

ವಿಂಡೋಸ್ ಬರೆದಿಟ್ಟ ದಾಖಲೆ

ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ಅನ್ನುವಲ್ಲಿಗೆ ಹೋಗಿ. ತೊಂದರೆ ಆದ ಹೊತ್ತಿನ ಸಾಲುಗಳನ್ನು ನೋಡಿ. ಕೆಂಪು ಗುರುತಿನ ಸಾಲುಗಳು ಆರೋಗ್ಯವಂತ ಕಂಪ್ಯೂಟರ್‌ನಲ್ಲೂ ಬೇಕಾದಷ್ಟು ಇರುತ್ತವೆ, ಹೆದರಬೇಡಿ. ನಮಗೆ ಬೇಕಾದ್ದು ಕೆಲವೇ ಸಂಖ್ಯೆಗಳು.

4101 ಕಂಡರೆ ಡಿಸ್‌ಪ್ಲೇ ಡ್ರೈವರ್ ಉತ್ತರಿಸುವುದನ್ನು ನಿಲ್ಲಿಸಿತ್ತು, ಆಮೇಲೆ ಚೇತರಿಸಿಕೊಂಡಿತು ಅಂತ. ಕಾರ್ಡಿಗೆ ಕೊಟ್ಟ ಕೆಲಸ 2 ಸೆಕೆಂಡ್ ದಾಟಿದರೂ ಮುಗಿಯದೆ, ಅದನ್ನು ಬಿಟ್ಟುಕೊಡಲೂ ಕಾರ್ಡ್ ಒಪ್ಪದಿದ್ದರೆ ವಿಂಡೋಸ್ ಹೀಗೆ ಅದನ್ನು ರೀಸೆಟ್ ಮಾಡುತ್ತದೆ. ರೀಸೆಟ್ ಕೂಡ ಫಲಿಸದಿದ್ದರೆ ನೀಲಿ ಪರದೆ ಬರುತ್ತದೆ, ಅದರಲ್ಲಿ "ವಿಡಿಯೋ ಟಿಡಿಆರ್ ಫೇಲ್ಯೂರ್" ಅಂತಲೋ 0ಎಕ್ಸ್116 ಅಂತಲೋ ಇರುತ್ತದೆ. ಕರ್ನಲ್ ಪವರ್ 41 ಅಂದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಅಷ್ಟೇ. ಕಾರಣ ಅದು ಹೇಳುವುದಿಲ್ಲ. ಆದರೆ 41ರ ಹಿಂದೆ ಬೇರೆ ಯಾವ ದೂರೂ ಇಲ್ಲದಿದ್ದರೆ ವಿದ್ಯುತ್ ಕಡೆಗೆ ಅನುಮಾನ ತಿರುಗಿಸಿ. ವ್ಹೀಯಾ ಲಾಗರ್ (ಹಾರ್ಡ್‌ವೇರ್ ದೋಷ ದಾಖಲಿಸುವ ವಿಭಾಗ) 17 ಸಾಲುಸಾಲಾಗಿ ಇದ್ದು, ಒಳಗೆ ಪಿಸಿಐ ಎಕ್ಸ್‌ಪ್ರೆಸ್ ಅಂತ ಬರೆದಿದ್ದರೆ ಸ್ಲಾಟ್ ಸಂಪರ್ಕ ಅಥವಾ ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟಿನಿಂದ ದೂರ ಇಡಲು ಬಳಸುವ ಕೇಬಲ್) ಪರೀಕ್ಷಿಸಿ.

ಲಿನಕ್ಸ್ ಬಳಸುವವರು ಕರ್ನಲ್ ಲಾಗ್ ನೋಡಬೇಕು. ಎನ್‌ವಿಡಿಯಾ ಡ್ರೈವರ್ ತನ್ನ ದೂರುಗಳಿಗೆ ಎಕ್ಸ್‌ಐಡಿ ಅನ್ನುವ ಸಂಖ್ಯೆ ಕೊಡುತ್ತದೆ. 79 ಬಂದರೆ ಕಾರ್ಡ್ ಬಸ್‌ನಿಂದಲೇ (ಮದರ್‌ಬೋರ್ಡ್ ಜತೆಗಿನ ಸಂಪರ್ಕ ದಾರಿ) ಕಳಚಿಕೊಂಡಿದೆ ಅಂತ. ಮೇಲೆ ಹೇಳಿದ, ಸದ್ದು ಕೇಳುತ್ತಾ ಪರದೆ ಕಪ್ಪಾಗುವ ಘಟನೆಯ ಲಿಖಿತ ರೂಪ ಇದೇ.

ಬಿಸಿ ಎಷ್ಟಿದೆ?

ಎಚ್‌ಡಬ್ಲ್ಯೂಇನ್ಫೋ ಅಥವಾ ಜಿಪಿಯು ಝಡ್ ಅನ್ನುವ, ತಾಪ ತೋರಿಸುವ ತಂತ್ರಾಂಶ ಹಾಕಿಕೊಂಡು ಗೇಮ್ ಆಡುತ್ತಾ ಅರ್ಧ ಗಂಟೆ ಅಂಕಿಗಳನ್ನು ದಾಖಲಿಸಿ. ಕೋರ್ 60ರಿಂದ 85 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಇದರ ಜತೆ ಹಾಟ್‌ಸ್ಪಾಟ್ ಅಂತ ಇನ್ನೊಂದು ಅಂಕಿ ಇದ್ದರೆ ಅದನ್ನೂ ನೋಡಿ. ಚಿಪ್‌ನ ಅತಿ ಬಿಸಿಯಾದ ಜಾಗ ಅದು. ಎಎಂಡಿಯ ಹಲವು ಕಾರ್ಡ್‌ಗಳಲ್ಲಿ ಇದು 110 ಡಿಗ್ರಿವರೆಗೆ ಹೋಗಲು ಕಂಪನಿಯೇ ಅನುಮತಿ ಕೊಟ್ಟಿದೆ. ಆದರೆ ನಾನು ನೋಡುವುದು ಎರಡರ ನಡುವಿನ ಅಂತರವನ್ನು. ಹಾಟ್‌ಸ್ಪಾಟ್ ಕೋರ್‌ಗಿಂತ 10–20 ಡಿಗ್ರಿ ಮೇಲಿರುವುದು ಮಾಮೂಲು. 30 ದಾಟಿದರೆ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕ್‌ಗೆ ದಾಟಿಸುವ ಲೇಪ) ಒಣಗಿದೆ ಅಥವಾ ಅಂಚಿಗೆ ಸರಿದಿದೆ, ಇಲ್ಲವೇ ಹೀಟ್‌ಸಿಂಕ್ ಸಮನಾಗಿ ಕೂತಿಲ್ಲ ಅಂತ ಅನುಮಾನಿಸಬಹುದು.

ಒಂದು ವಿಷಯ ನೆನಪಿಡಿ. ಈಗಿನ ಕಾರ್ಡ್ ಬಿಸಿಯಾದರೆ ಮೊದಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ಬಿಸಿಯ ಮೊದಲ ಲಕ್ಷಣ ಕಂಪ್ಯೂಟರ್ ನಿಲ್ಲುವುದಲ್ಲ, ಗೇಮ್ ಹತ್ತು ಹದಿನೈದು ನಿಮಿಷದ ಬಳಿಕ ನಿಧಾನ ಆಗುವುದು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟು ಮತ್ತೆ ಆಡಿ ನೋಡಿ. ತಾಪ 10 ಡಿಗ್ರಿಯಷ್ಟು ಇಳಿದರೆ ಕಾರ್ಡ್ ಚೆನ್ನಾಗಿಯೇ ಇದೆ, ಕ್ಯಾಬಿನೆಟ್‌ಗೆ ಗಾಳಿ ಸಾಲುತ್ತಿಲ್ಲ.

ಕಾರ್ಡ್ ಬಿಚ್ಚಿ ಮತ್ತೆ ಕೂರಿಸುವುದು

ಇದು ಅನೇಕ ಸಲ ಇಡೀ ತೊಂದರೆಯನ್ನೇ ಪರಿಹರಿಸಿಬಿಡುತ್ತದೆ, ಅದಕ್ಕೇ ಸಾವಧಾನವಾಗಿ ಮಾಡಿ.

1. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಸಾಕೆಟ್‌ನಿಂದ ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ.
2. ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ. ಮೈಮೇಲಿನ ಸ್ಥಾಯಿ ವಿದ್ಯುತ್ ಇಳಿಯಬೇಕು.
3. ಕಾರ್ಡಿಗೆ ಹೋಗುವ ಪವರ್ ಪ್ಲಗ್‌ಗಳನ್ನು ಕ್ಲಿಪ್ ಒತ್ತಿ ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ.
4. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ. ಸ್ಲಾಟ್‌ನ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಲಾಕ್ ಇರುತ್ತದೆ, ಅದನ್ನು ಒತ್ತಿ ಹಿಡಿದೇ ಕಾರ್ಡನ್ನು ನೇರವಾಗಿ ಎತ್ತಿ.

ಆ ಪ್ಲಾಸ್ಟಿಕ್ ಲಾಕ್ ಬಗ್ಗೆ ಎರಡು ಮಾತು. ದೊಡ್ಡ ಕಾರ್ಡ್ ಕೂತಾಗ ಅದು ಕಾರ್ಡಿನ ಕೆಳಗೆ ಮರೆಯಾಗಿರುತ್ತದೆ, ಬೆರಳು ಹೋಗುವುದಿಲ್ಲ. ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ತಳ್ಳಿ. ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಮದರ್‌ಬೋರ್ಡ್‌ನ ಗೆರೆಗಳನ್ನು ಗೀರಿಬಿಡುತ್ತದೆ. ಲಾಕ್ ಬಿಡಿಸದೆ ಬಲವಂತವಾಗಿ ಎಳೆದರೆ ಸ್ಲಾಟ್ ಕಿತ್ತು ಬರಬಹುದು.

ಕಾರ್ಡ್ ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ. ಚಿನ್ನದ ಬಣ್ಣದ ಪಟ್ಟಿಗಳಲ್ಲಿ ಕಪ್ಪು ಕಲೆ ಇದೆಯಾ? ಲಾಕ್‌ಗೆ ಸಿಕ್ಕುವ ಕೊಕ್ಕೆಯ ಹತ್ತಿರ ಬೋರ್ಡ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ? ಭಾರದ ಕಾರ್ಡ್ ಆಧಾರವಿಲ್ಲದೆ ವರ್ಷಗಟ್ಟಲೆ ಜೋತಾಡಿದರೆ ಬಿರುಕು ಬಿಡುವುದು ಸರಿಯಾಗಿ ಅಲ್ಲೇ. ಪವರ್ ಸಾಕೆಟ್ ಒಳಗೆ ಯಾವುದಾದರೂ ಪಿನ್ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿದೆಯಾ? ಸುಟ್ಟ ವಾಸನೆ ಬರುತ್ತಿದೆಯಾ? ಕರಗಿದ್ದು, ಸುಟ್ಟಿದ್ದು ಕಂಡರೆ ಮತ್ತೆ ಆನ್ ಮಾಡುವ ಪ್ರಯತ್ನ ಬೇಡ.

ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಆರಲು ಬಿಡಿ. ರಬ್ಬರ್‌ನಿಂದ ಉಜ್ಜುವ ರೂಢಿ ಬಹಳ ಜನರಿಗಿದೆ. ಅದು ಪುಡಿ ಬಿಡುತ್ತದೆ, ತೆಳ್ಳಗಿನ ಚಿನ್ನದ ಲೇಪವನ್ನೂ ಸವೆಸುತ್ತದೆ, ಹಾಗಾಗಿ ನಾನು ಆಲ್ಕೊಹಾಲನ್ನೇ ಹೇಳುತ್ತೇನೆ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.

ಮತ್ತೆ ಕೂರಿಸುವಾಗ ಲಾಕ್ ಟಕ್ ಅನ್ನುವ ತನಕ ಒತ್ತಿ. ಆಮೇಲೆ ಜಿಪಿಯು ಝಡ್‌ನಲ್ಲಿ ಬಸ್ ಇಂಟರ್‌ಫೇಸ್ ಅನ್ನುವ ಸಾಲು ನೋಡಿ. 16 ಲೇನ್ (ಮಾಹಿತಿ ಹರಿಯುವ ದಾರಿ) ಇರಬೇಕಾದಲ್ಲಿ 4 ಅಥವಾ 1 ಇದ್ದರೆ ಸಂಪರ್ಕ ಸರಿಯಾಗಿಲ್ಲ. ಆದರೆ ಕಾರ್ಡಿನ ವಿವರ ನೋಡಿಯೇ ತೀರ್ಮಾನಿಸಿ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಇವು ಹುಟ್ಟಿನಿಂದಲೇ 8 ಲೇನ್‌ನವು, ಆರ್‌ಎಕ್ಸ್ 6500 ಎಕ್ಸ್‌ಟಿ 4 ಲೇನ್‌ನದು. ಸುಮ್ಮನಿರುವಾಗ ಜನರೇಷನ್ (ಸ್ಲಾಟ್ ಸಂಪರ್ಕದ ವೇಗದ ತಲೆಮಾರು) ಸಂಖ್ಯೆ 1.1ಕ್ಕೆ ಇಳಿದಿರುವುದೂ ಸಹಜ, ವಿದ್ಯುತ್ ಉಳಿಸಲು ಹಾಗೆ ಮಾಡುತ್ತದೆ. ಭಾರ ಹಾಕಿ ನೋಡಿ.

ವಿದ್ಯುತ್ ಸಾಲುತ್ತಿದೆಯಾ?

ಮದರ್‌ಬೋರ್ಡ್ ಸ್ಲಾಟ್ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. 6 ಪಿನ್ ಪ್ಲಗ್ ಇನ್ನೊಂದು 75, 8 ಪಿನ್ ಪ್ಲಗ್ 150, ಹೊಸ 16 ಪಿನ್ ಪ್ಲಗ್ 600 ವ್ಯಾಟ್‌ವರೆಗೆ. ಇದು ಲೆಕ್ಕದ ಮಾತು. ನಿಜದಲ್ಲಿ ದೊಡ್ಡ ಕಾರ್ಡ್ ಕ್ಷಣದ ಒಂದು ಸಣ್ಣ ಚೂರಿನಷ್ಟು ಕಾಲ ತನ್ನ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ಎಳೆದುಕೊಳ್ಳುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದಕ್ಕಾಗಿಯೇ, ಪವರ್ ಸಪ್ಲೈ 100 ಮೈಕ್ರೋಸೆಕೆಂಡ್ ಕಾಲ ತನ್ನ ಸಾಮರ್ಥ್ಯದ ಎರಡು ಪಟ್ಟು ತಾಳಿಕೊಳ್ಳಬೇಕು ಅನ್ನುತ್ತದೆ. ಹಳೇ ಸಪ್ಲೈ ಆ ಎಳೆತ ಕಂಡ ಕೂಡಲೇ ರಕ್ಷಣೆಗಾಗಿ ಆಫ್ ಆಗಿಬಿಡುತ್ತದೆ. ನೋಡುವವರಿಗೆ ಕಾರ್ಡ್ ಕೆಟ್ಟ ಹಾಗೆ ಕಾಣುತ್ತದೆ.

ಕಾರ್ಡಿನಲ್ಲಿ ಎರಡು 8 ಪಿನ್ ಸಾಕೆಟ್ ಇದ್ದರೆ ಸಪ್ಲೈಯಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲ್‌ನ ಕವಲೊಡೆದ ಎರಡು ತುದಿ ಬಳಸಬೇಡಿ. 16 ಪಿನ್ ಪ್ಲಗ್ ಇದ್ದರೆ ಪೂರ್ತಿ ಒಳಗೆ ಹೋಗಿದೆಯಾ, ನಡುವೆ ಸಂದು ಕಾಣುತ್ತಿಲ್ಲವಾ ನೋಡಿ. ಪ್ಲಗ್‌ನ ಬುಡದಲ್ಲೇ ಕೇಬಲ್ ಚೂಪಾಗಿ ಬಾಗಿರಬಾರದು. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳ ಪ್ಲಗ್ ಕರಗಿದ ಸುದ್ದಿ ಬಂದಾಗ, ಅರೆಬರೆ ಕೂತ ಪ್ಲಗ್ ಒಂದು ಮುಖ್ಯ ಕಾರಣ ಅಂತ ಕಂಡುಬಂತು. ಇನ್ನೊಂದು ಎಚ್ಚರಿಕೆ ಅತಿ ಮುಖ್ಯ. ಒಂದು ಸಪ್ಲೈಯ ಬಿಡಿ ಕೇಬಲನ್ನು ಇನ್ನೊಂದಕ್ಕೆ ಹಾಕಲೇಬೇಡಿ. ಕಾರ್ಡ್ ತುದಿ ಒಂದೇ ಥರ ಇದ್ದರೂ ಸಪ್ಲೈ ತುದಿಯ ಪಿನ್ ಜೋಡಣೆ ಬೇರೆ ಇರುತ್ತದೆ, ಒಳ್ಳೆಯ ಕಾರ್ಡೂ ಒಂದೇ ಕ್ಷಣದಲ್ಲಿ ಸುಟ್ಟುಹೋದೀತು.

12 ವೋಲ್ಟ್ ಅಂಕಿಯನ್ನು ಎಚ್‌ಡಬ್ಲ್ಯೂಇನ್ಫೋದಲ್ಲಿ ಭಾರ ಹಾಕಿ ನೋಡಿ. ಎಟಿಎಕ್ಸ್ ನಿಯಮ ಒಪ್ಪುವ ಮಿತಿ ಸಾಮಾನ್ಯವಾಗಿ 11.4ರಿಂದ 12.6. ತಂತ್ರಾಂಶ ತೋರಿಸುವ ಅಂಕಿ ಕರಾರುವಾಕ್ಕಲ್ಲ, ಆದರೂ ಭಾರ ಬಿದ್ದ ಕೂಡಲೇ ಅದು ಧಡಕ್ಕನೆ ಕುಸಿಯುತ್ತಿದ್ದರೆ ಸಪ್ಲೈ ಬದಲಿಸಿ ನೋಡುವುದು ಮೇಲು. ಬದಲಿ ಸಪ್ಲೈ ಕೈಯಲ್ಲಿ ಇಲ್ಲದಿದ್ದರೆ ಕಾರ್ಡಿನ ವೇಗ, ವಿದ್ಯುತ್ ಹೊಂದಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಲಿಮಿಟ್ 70 ಶೇಕಡಕ್ಕೆ ಇಳಿಸಿ ಆಡಿ. ಹಠಾತ್ ರೀಸ್ಟಾರ್ಟ್ ನಿಂತರೆ ವಿದ್ಯುತ್ ಕಡೆಯ ಅನುಮಾನ ಗಟ್ಟಿಯಾಗುತ್ತದೆ.

ಭಾರ ಹಾಕಿ ಪರೀಕ್ಷೆ

ಮೊದಲು ಎಲ್ಲ ಓವರ್‌ಕ್ಲಾಕ್, ಅಂಡರ್‌ವೋಲ್ಟ್ (ವೋಲ್ಟೇಜ್ ಇಳಿಸಿದ ಸೆಟ್ಟಿಂಗ್) ತೆಗೆದು ಕಾರ್ಡನ್ನು ಕಂಪನಿಯ ಸ್ಥಿತಿಗೆ ತನ್ನಿ. ಇಲ್ಲದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ.

ಮೆಮೊರಿಗೆ ಒಸಿಸಿಟಿ ತಂತ್ರಾಂಶದ ವಿಆರ್‌ಎಎಂ (ಕಾರ್ಡಿನ ಮೆಮೊರಿ) ಪರೀಕ್ಷೆ, ಅಥವಾ ಮೆಮ್‌ಟೆಸ್ಟ್ ವಲ್ಕನ್ ಅನ್ನುವ ಉಚಿತ ಸಾಧನ ಬಳಸಿ. ಇವು ಕಾರ್ಡಿನ ಮೆಮೊರಿಗೆ ಬರೆದು, ಓದಿ, ಹೋಲಿಸಿ ತಪ್ಪು ಎಣಿಸುತ್ತವೆ. ಇಲ್ಲಿ ಸೊನ್ನೆ ಮಾತ್ರ ಪಾಸ್. ಮೂಲ ವೇಗದಲ್ಲೇ ತಪ್ಪುಗಳು ಬರುತ್ತಿದ್ದರೆ, ಎರಡನೇ ಸಲ ಓಡಿಸಿದಾಗಲೂ ಬಂದರೆ, ಆ ಮೆಮೊರಿಯನ್ನು ನಂಬುವ ಹಾಗಿಲ್ಲ.

ಕೋರ್ ಮತ್ತು ಬಿಸಿಗೆ ಯೂನಿಜಿನ್ ಸೂಪರ್‌ಪೊಸಿಷನ್ ಅಥವಾ 3ಡಿಮಾರ್ಕ್ ಸಾಕು. ಫರ್‌ಮಾರ್ಕ್ ಕೂಡ ಇದೆ, ಆದರೆ ಅದು ಹಾಕುವ ಭಾರ ಯಾವ ಗೇಮ್‌ಗಿಂತಲೂ ಜಾಸ್ತಿ. ಬಳಸುವುದಾದರೆ ಹತ್ತು ಹದಿನೈದು ನಿಮಿಷ, ಅದೂ ಎದುರಿಗೇ ಕೂತು ತಾಪ ನೋಡುತ್ತಾ. ರಾತ್ರಿಯಿಡೀ ಓಡಲು ಬಿಟ್ಟು ಮಲಗುವುದು ಸರಿಯಲ್ಲ.

ಇಲ್ಲಿಗೂ ಉತ್ತರ ಸಿಗದಿದ್ದರೆ ವೇಗ ಇಳಿಸುವ ಪರೀಕ್ಷೆ ಮಾಡಿ. ಆಫ್ಟರ್‌ಬರ್ನರ್‌ನಲ್ಲಿ ಮೆಮೊರಿ ಕ್ಲಾಕ್ 300–500 ಮೆಗಾಹರ್ಟ್ಜ್ ಇಳಿಸಿ ಆಡಿ. ಚೌಕಗಳು ಮಾಯವಾದವಾ? ಮೆಮೊರಿ ಸೋಲುತ್ತಿದೆ. ಅದನ್ನು ಹಿಂದಿನ ಸ್ಥಿತಿಗೆ ತಂದು ಈಗ ಕೋರ್ ಕ್ಲಾಕ್ 100 ಇಳಿಸಿ. ಈಗ ಸರಿಯಾಯ್ತಾ? ಕೋರ್ ತನ್ನ ಮೂಲ ವೇಗ ತಾಳಲಾರದ ಸ್ಥಿತಿಗೆ ಬಂದಿದೆ.

ಕಾರ್ಡಿನ ಹೆಸರು ಕೆಡಿಸುವ ಬೇರೆಯವರು

ರ‍್ಯಾಮ್ ಇದರಲ್ಲಿ ಮೊದಲಿಗ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿ ಒಂದೆರಡು ದಿನ ಬಳಸಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ. ಇದನ್ನು ಮಾತ್ರ ಬಿಟ್ಟು ಮಲಗಬಹುದು.

ಪ್ರೊಸೆಸರ್ ವಿಷಯ ಇನ್ನೂ ಮೋಸದ್ದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವ ಅನೇಕರಿಗೆ ಗೇಮ್ ಶುರು ಮಾಡುವಾಗ "ವಿಡಿಯೋ ಮೆಮೊರಿ ಸಾಲದು" ಅನ್ನುವ ಅರ್ಥದ ಸಂದೇಶ ಬಂದು ಗೇಮ್ ನಿಲ್ಲುತ್ತಿತ್ತು. ಸಂದೇಶ ಓದಿದವರು ಕಾರ್ಡನ್ನೇ ದೂರಿದರು. ನಿಜವಾದ ಕಾರಣ ಪ್ರೊಸೆಸರ್‌ಗೆ ಹೋಗುತ್ತಿದ್ದ ಅತಿ ವೋಲ್ಟೇಜ್ ಮತ್ತು ಅದರಿಂದಾದ ಸವಕಳಿ. 2024ರ ಆಗಸ್ಟ್‌ನಿಂದ ಇಂಟೆಲ್ ಇದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟಿತು, ಆ ಪ್ರೊಸೆಸರ್‌ಗಳ ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ನಿಮ್ಮಲ್ಲಿ ಇಂಥ ಪ್ರೊಸೆಸರ್ ಇದ್ದರೆ ಬಯೋಸ್ ಅಪ್‌ಡೇಟ್ ಮೊದಲು ಮಾಡಿ. ಆದರೆ ಒಮ್ಮೆ ಸವೆದ ಪ್ರೊಸೆಸರ್ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ.

ಕಾರ್ಡನ್ನು ಲಂಬವಾಗಿ ನಿಲ್ಲಿಸಿ ತೋರಿಸಲು ರೈಸರ್ ಕೇಬಲ್ ಬಳಸಿದ್ದರೆ ಅದನ್ನು ತೆಗೆದು ನೇರವಾಗಿ ಸ್ಲಾಟಿಗೆ ಹಾಕಿ. ಜನರೇಷನ್ 3ರ ರೈಸರ್‌ಗೆ 4ರ ಕಾರ್ಡ್ ಹಾಕಿದರೆ ಪರದೆ ಬಾರದೇ ಇರುವುದೂ ಉಂಟು. ಬಯೋಸ್‌ನಲ್ಲಿ ಸ್ಲಾಟನ್ನು ಜನರೇಷನ್ 3ಕ್ಕೆ ನಿಗದಿ ಮಾಡಿದರೆ ಸರಿಹೋಗುತ್ತದೆ.

ಪರದೆ ಬರುವುದೇ ಇಲ್ಲ ಅಂದರೆ

ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗೆ ಚುಚ್ಚಿದೆಯಾ, ಕಾರ್ಡಿಗಾ ಅಂತ ನೋಡಿ. ಇದೇ ತಪ್ಪು ಬಹಳ ಕಡೆ ಸಿಗುತ್ತದೆ. ಮದರ್‌ಬೋರ್ಡ್ ಮೇಲೆ ವಿಜಿಎ ಅಂತ ಬರೆದ ಪುಟ್ಟ ದೀಪ ಉರಿದೇ ಇದ್ದರೆ ಕಾರ್ಡ್ ಹಂತದಲ್ಲಿ ನಿಂತಿದೆ. ಡಿರ‍್ಯಾಮ್ ದೀಪ ಉರಿದಿದ್ದರೆ ರ‍್ಯಾಮ್ ಕಡೆ ನೋಡಬೇಕು. ಡಿಡಿಆರ್5 ರ‍್ಯಾಮ್ ಇರುವ ಹೊಸ ಕಂಪ್ಯೂಟರ್ ಮೊದಲ ಸಲ ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ, ಅವಸರ ಮಾಡಿ ಆಫ್ ಮಾಡಬೇಡಿ. ಹಳೇ ಬೋರ್ಡ್‌ನಲ್ಲಿ ಸ್ಪೀಕರ್ ಇದ್ದರೆ ಬೀಪ್ ಎಣಿಸಿ. ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ ಎರಡು ಗಿಡ್ಡ, ಎಎಂಐ ಬಯೋಸ್‌ನಲ್ಲಿ ಎಂಟು ಗಿಡ್ಡ ಬೀಪ್ ಬಂದರೆ ವಿಡಿಯೋ ತೊಂದರೆ.

ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ಪೂರ್ತಿ ತೆಗೆದು ಮಾನಿಟರನ್ನು ಮದರ್‌ಬೋರ್ಡ್‌ಗೆ ಸಿಕ್ಕಿಸಿ. ಪರದೆ ಬಂದರೆ ಉಳಿದ ಕಂಪ್ಯೂಟರ್ ಬಹುಮಟ್ಟಿಗೆ ಚೆನ್ನಾಗಿದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಈ ಸೌಲಭ್ಯ ಇಲ್ಲ.

ಅಂತಿಮ ತೀರ್ಪು

ಎಲ್ಲಕ್ಕಿಂತ ನಂಬಲರ್ಹ ಪರೀಕ್ಷೆ ಅದಲುಬದಲು. ನಿಮ್ಮ ಕಾರ್ಡನ್ನು ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ. ಅದರ ಸಪ್ಲೈ ಸಾಕಷ್ಟು ದೊಡ್ಡದಿರಲಿ. ಆಮೇಲೆ ಅಲ್ಲಿನ ಕಾರ್ಡನ್ನು ನಿಮ್ಮ ಕಂಪ್ಯೂಟರ್‌ಗೆ ಹಾಕಿ. ತೊಂದರೆ ಕಾರ್ಡಿನ ಜತೆಗೇ ಅಲ್ಲಿಗೆ ಹೋದರೆ ಕಾರ್ಡ್ ಕೆಟ್ಟಿದೆ. ಇಲ್ಲೇ ಉಳಿದರೆ ಸಪ್ಲೈ, ಬೋರ್ಡ್, ರ‍್ಯಾಮ್, ಪ್ರೊಸೆಸರ್ ಇವುಗಳಲ್ಲಿ ಒಂದು. ಎರಡೂ ದಿಕ್ಕಿನಲ್ಲಿ ಮಾಡಿದರೆ ಮಾತ್ರ ಇದು ಪೂರ್ತಿ ಪರೀಕ್ಷೆ. ಕರಗಿದ ಪ್ಲಗ್ ಇರುವ ಕಾರ್ಡನ್ನು ಮಾತ್ರ ಬೇರೆಯವರ ಕಂಪ್ಯೂಟರ್‌ಗೆ ಒಯ್ಯಬೇಡಿ.

ಕೆಟ್ಟಿರುವುದು ಖಾತ್ರಿಯಾದ ಮೇಲೆ

ಕಾರ್ಡನ್ನು ಓವನ್‌ನಲ್ಲಿಟ್ಟು ಬಿಸಿ ಮಾಡಿದರೆ ಬದುಕುತ್ತದೆ ಅನ್ನುವ ವಿಡಿಯೋಗಳು ಇನ್ನೂ ಓಡಾಡುತ್ತಿವೆ. ದಯವಿಟ್ಟು ಮಾಡಬೇಡಿ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217–220 ಡಿಗ್ರಿ ಬೇಕು, ಓವನ್‌ನಲ್ಲಿ ಆ ತಾಪ ಎಲ್ಲ ಕಡೆ ಸಮನಾಗಿ ಸಿಗುವುದಿಲ್ಲ. ಕೆಲವು ಕಾರ್ಡ್ ಬದುಕಿದ ಹಾಗೆ ಕಾಣುವುದು ಚಿಪ್ ಒಳಗಿನ ಬಿರುಕು ಬಿಟ್ಟ ಸಣ್ಣ ಬೆಸುಗೆಗಳು ಬಿಸಿಗೆ ಹಿಗ್ಗಿ ತಾತ್ಕಾಲಿಕವಾಗಿ ಕೂಡಿಕೊಂಡಾಗ. ಕೆಲವೇ ದಿನ ಅಥವಾ ವಾರಗಳಲ್ಲಿ ಮತ್ತೆ ಅದೇ ಗತಿ. ಈ ಸಣ್ಣ ಬೆಸುಗೆಗಳ ತೊಂದರೆ ಹೊಸದೇನಲ್ಲ. 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಇಂಥ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತ್ತು. ಓವನ್‌ನಲ್ಲಿ ಬಿಸಿಯಾದ ಪ್ಲಾಸ್ಟಿಕ್ ಮತ್ತು ರಾಸಾಯನಿಕದ ಹೊಗೆ ಅಡುಗೆಯ ಜಾಗಕ್ಕೆ ಬರುವಂಥದ್ದಲ್ಲ.

ವಾರಂಟಿ ಇದ್ದರೆ ಕಾರ್ಡನ್ನು ಬಿಚ್ಚದೆ ಹಾಗೇ ಕಳಿಸಿ. ವಾರಂಟಿ ಮುಗಿದಿದ್ದು, ತೊಂದರೆ ಬರೀ ಬಿಸಿಯದ್ದಾದರೆ ಪೇಸ್ಟ್ ಬದಲಿಸುವುದು ಲಾಭದ ಕೆಲಸ. ಆದರೆ ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್‌ಗಳ ದಪ್ಪ ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಕೋರ್‌ಗೆ ತಾಗದೇ ಹೋಗಬಹುದು. ದಪ್ಪ ಗೊತ್ತಿಲ್ಲದೆ ಕೈ ಹಾಕಬೇಡಿ. ಫ್ಯಾನ್ ಕೆಟ್ಟಿದ್ದರೆ ಫ್ಯಾನ್ ಮಾತ್ರ ಬದಲಿಸಬಹುದು. ಮೆಮೊರಿ ಚಿಪ್ ಬದಲಿಸಲು ಬಿಜಿಎ ಕೆಲಸ (ಚಿಪ್ ಅಡಿಯ ಬೆಸುಗೆ ಗುಂಡುಗಳನ್ನು ಬಿಡಿಸಿ ಕೂರಿಸುವುದು) ಗೊತ್ತಿರುವ ರಿಪೇರಿಯವರೇ ಬೇಕು. ಅಂಥವರಲ್ಲಿ ಮೊದಲೇ ಕೇಳಿ, ಯಾವ ಚಿಪ್ ಕೆಟ್ಟಿದೆ ಅಂತ ಪರೀಕ್ಷಿಸಿ ತೋರಿಸುತ್ತೀರಾ ಅಂತ. ಬರೀ "ಹೀಟ್ ಕೊಟ್ಟು ಸರಿಮಾಡ್ತೀವಿ" ಅಂದರೆ ಅದು ಓವನ್ ಕಥೆಯೇ.

ವೇಗ ಇಳಿಸಿದಾಗ ಕಾರ್ಡ್ ಸ್ಥಿರವಾಗಿ ನಡೆದಿದ್ದರೆ ಹೊಸದು ಬರುವ ತನಕ ಹಾಗೇ ನಡೆಸಬಹುದು. ಆಫ್ಟರ್‌ಬರ್ನರ್‌ನಲ್ಲಿ ಆ ಸೆಟ್ಟಿಂಗ್ ಉಳಿಸಿ, ವಿಂಡೋಸ್ ಜತೆಗೇ ಶುರುವಾಗುವಂತೆ ಮಾಡಿ. ಮುಖ್ಯ ಕೆಲಸಗಳನ್ನು ಮಾತ್ರ ಆಗಾಗ ಸೇವ್ ಮಾಡುತ್ತಿರಿ.

ವಾರಂಟಿಗೆ ಕಳಿಸುವ ಮೊದಲು ಕಾರ್ಡಿನ ಎರಡೂ ಬದಿ, ಸೀರಿಯಲ್ ನಂಬರ್, ಪವರ್ ಸಾಕೆಟ್, ಚಿನ್ನದ ಪಟ್ಟಿ ಎಲ್ಲದರ ಫೋಟೋ ತೆಗೆದಿಡಿ. ಪರದೆಯ ಚೌಕಗಳ ವಿಡಿಯೋವನ್ನು ಮೊಬೈಲಿನಲ್ಲಿ ಹಿಡಿಯಿರಿ, ಬಯೋಸ್‌ನಲ್ಲಿ ಕಾಣುವಂತಿದ್ದರೆ ಅದನ್ನೇ. ಯಾವ ಯಾವ ಪರೀಕ್ಷೆ ಮಾಡಿದಿರಿ, ಇನ್ನೊಂದು ಕಂಪ್ಯೂಟರ್‌ನಲ್ಲೂ ಹಾಗೇ ಆಯ್ತಾ ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಬರೆದು ಜತೆಗಿಡಿ. "ಡ್ರೈವರ್ ಮತ್ತೆ ಹಾಕಿ ನೋಡಿ" ಅನ್ನುವ ಉತ್ತರ ಬರುವುದು ಆಗ ಕಡಿಮೆಯಾಗುತ್ತದೆ. ಕಾರ್ಡನ್ನು ಸ್ಥಾಯಿ ವಿದ್ಯುತ್ ತಡೆಯುವ ಚೀಲಕ್ಕೆ ಹಾಕಿ, ಮೂಲ ಪೆಟ್ಟಿಗೆ ಇದ್ದರೆ ಅದರಲ್ಲೇ, ಒಳಗೆ ಅಲುಗದಂತೆ ಪ್ಯಾಕ್ ಮಾಡಿ ಕಳಿಸಿ.